ಅಂತರ್ಜಾಲವೂ ಅಂತರಂಗವೂ

1995ನೆಯ ಇಸವಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಲವು ಸಂಸಾರಗಳಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ವಾಂಸರು ಒಂದೊಂದು ಕಂಪ್ಯೂಟರನ್ನೂ ಅದಕ್ಕೆ ಬೇಕಾದ ದೂರವಾಣಿಯ ತಂತಿಯನ್ನೂ ಅಂತರ್ಜಾಲದ ಪ್ರವೇಶವನ್ನೂ ಉಚಿತವಾಗಿ ಒದಗಿಸಿಕೊಟ್ಟರು. ಅಂತರ್ಜಾಲವೆಂಬುದು ಅಂದಿಗೆ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಮತ್ತು ದೊಡ್ಡ ಕಚೇರಿಗಳ ಸೊತ್ತಾಗಿದ್ದಿತು. ಗೃಹಸ್ಥರ ನಡುಮನೆಯೊಳಕ್ಕೆ ಅದು ಕಾಲಿಟ್ಟರೆ ಅವರ ಮಾತುಕತೆಯ ಮೇಲೆ, ನಂಟು ಸ್ನೇಹಗಳ ಮೇಲೆ, ಮನಸ್ಸಿನ ಸ್ವಾಸ್ಥ್ಯದ ಮೇಲೆ ಯಾವ ಪರಿಣಾಮವಾದೀತೆಂಬುದನ್ನು ಅದು ಹೊಸದಾಗಿರುವಾಗಲೇ ನೋಡಿ ತಿಳಿಯಬೇಕೆಂಬುದು ರಾಬರ್ಟ್ ಕ್ರೌಟ್, ಸಾರಾ ಕೀಸ್ಲರ್ ಮತ್ತು ಅವರ ಸಂಗಡಿಗರ ಉದ್ದೇಶವಾಗಿದ್ದಿತು. ಮೊದಲ ವರ್ಷ ಪ್ರೌಢಶಾಲೆಯ ಮಕ್ಕಳಿದ್ದ ಸಂಸಾರಗಳನ್ನೂ ಮರುವರ್ಷ ಊರಿನ ಅಭಿವೃದ್ಧಿ ಸಂಘಗಳ ಆಡಳಿತ ಮಂಡಲಿಯಲ್ಲಿದ್ದವರ ಸಂಸಾರಗಳನ್ನೂ ಅವರು ಆರಿಸಿಕೊಂಡರು. ಯಾರು ಎಷ್ಟು ಹೊತ್ತು ಜಾಲದಲ್ಲಿದ್ದರೆಂಬುದನ್ನು ಯಂತ್ರವೇ ದಾಖಲಿಸುತ್ತಿದ್ದಿತು. ಅವರ ಮನಃಸ್ಥಿತಿ ಹೇಗಿದ್ದಿತೆಂಬುದನ್ನು ಪ್ರಾರಂಭದಲ್ಲಿ ಒಮ್ಮೆಯೂ ಒಂದೆರಡು ವರ್ಷ ಕಳೆದ ಮೇಲೆ ಇನ್ನೊಮ್ಮೆಯೂ ಪ್ರಶ್ನಾವಳಿಗಳ ಮೂಲಕ ಕೇಳಿ ಬರೆದುಕೊಳ್ಳಲಾಯಿತು.

73 ಮನೆಗಳ 169 ಜನರನ್ನು ಕುರಿತ ಆ ಅಧ್ಯಯನದ ಫಲಿತಾಂಶ 1998ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಎಂಬ ವಿದ್ವತ್‌ಪತ್ರಿಕೆಯಲ್ಲಿ ಪ್ರಕಟವಾದಾಗ ದೊಡ್ಡ ಕಳವಳವೇ ಎದ್ದಿತು. ಜಾಲವನ್ನು ಹೆಚ್ಚು ಬಳಸಿದವರು ಮನೆಯವರೊಡನೆ ಆಡುವ ಮಾತು ಕಡಮೆಯಾಗಿದ್ದಿತು. ಅವರ ಪರಿಚಿತರ ವಲಯ ಕಿರಿದಾಗಿದ್ದಿತು. ಒಂಟಿತನದ ಭಾವನೆಯೂ ಖಿನ್ನತೆಯ ಲಕ್ಷಣಗಳೂ ಅಲ್ಪಪ್ರಮಾಣದಲ್ಲಿ ಆದರೂ ನಿಶ್ಚಿತವಾಗಿ ಏರಿದ್ದುವು. ಇದರಲ್ಲಿ ಆಶ್ಚರ್ಯಕರವಾದ ಅಂಶವೇನೆಂದರೆ, ಈ ಜನ ಜಾಲವನ್ನು ಮುಖ್ಯವಾಗಿ ಬಳಸಿದ್ದು ಇತರರಿಗೆ ಪತ್ರ ಬರೆಯುವುದಕ್ಕೂ ಅವರಿಂದ ಪತ್ರ ಪಡೆಯುವುದಕ್ಕೂ. ಮನುಷ್ಯರನ್ನು ಹತ್ತಿರ ತರುವುದಕ್ಕಾಗಿಯೇ ಬಳಸಿದ ಸಾಧನ, ಬಳಸಿದವನನ್ನು ಹೆಚ್ಚು ಏಕಾಕಿಯನ್ನಾಗಿ ಮಾಡಿತೆಂಬ ಈ ವಿರೋಧಾಭಾಸವನ್ನೇ ವಿದ್ವಾಂಸರು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೂ ಸೂಚಿಸಿದರು.

ಇಷ್ಟು ಭಾಗ ಪ್ರಸಿದ್ಧವಾಯಿತು. ಮುಂದಿನ ಭಾಗಕ್ಕೆ ಅಷ್ಟು ಪ್ರಸಿದ್ಧಿ ಬರಲಿಲ್ಲ. ಅಧ್ಯಯನದಲ್ಲಿ ಒಂದು ಕೊರತೆಯಿರುವುದನ್ನು ಇತರ ವಿದ್ವಾಂಸರು ಕೂಡಲೇ ಎತ್ತಿ ತೋರಿಸಿದರು: ಕಂಪ್ಯೂಟರನ್ನು ಪಡೆಯದೆ ಇದ್ದ ಸಂಸಾರಗಳನ್ನು ಜೊತೆಯಲ್ಲಿಟ್ಟು ನೋಡಿರಲಿಲ್ಲವಾದುದರಿಂದ, ಈ ಬದಲಾವಣೆ ಜಾಲದಿಂದಲೇ ಉಂಟಾಯಿತೋ, ಅಥವಾ ವಯಸ್ಸಿಗೆ ಬರುತ್ತಿರುವ ಮಕ್ಕಳು ಮನೆಯವರಿಂದ ಸ್ವಲ್ಪ ದೂರ ಸರಿಯುವುದು ಎಲ್ಲೆಡೆಯೂ ಸಹಜವಾದುದರಿಂದ ಹೇಗಿದ್ದರೂ ಆಗತಕ್ಕದ್ದೇ ಆಗಿದ್ದಿತೋ ಎಂದು ನಿರ್ಧರಿಸುವುದಕ್ಕೆ ಆಧಾರವಿರಲಿಲ್ಲ. ಕ್ರೌಟ್ ಮತ್ತು ಅವರ ಸಂಗಡಿಗರು ಆಕ್ಷೇಪಕ್ಕೆ ಮಾತಿನಿಂದ ಉತ್ತರ ಕೊಡುವುದಕ್ಕಿಂತ ಮತ್ತೆ ಅದೇ ಮನೆಗಳ ಬಾಗಿಲಿಗೆ ಹೋಗುವುದು ಲೇಸೆಂದು ಬಗೆದರು. ತಮ್ಮ ನಿರ್ಣಯವನ್ನು ತಾವೇ ಪರೀಕ್ಷೆಗೊಡ್ಡುವ ಈ ಧೈರ್ಯ ವಿದ್ಯೆಯ ಲೋಕದಲ್ಲಿಯೂ ಸುಲಭವಾಗಿ ಕಾಣತಕ್ಕದ್ದಲ್ಲ. 2002ರಲ್ಲಿ ಅವರು ಪ್ರಕಟಿಸಿದ ಎರಡನೆಯ ಲೇಖನ, ಮೊದಲಿನ ಸಂಸಾರಗಳವರನ್ನು ಪುನಃ ವಿಚಾರಿಸಿದಾಗ ಹಿಂದೆ ಕಂಡಿದ್ದ ಹಾನಿಯ ಬಹುಭಾಗ ಮಾಯವಾಗಿದ್ದಿತೆಂಬುದನ್ನು ಒಪ್ಪಿಕೊಂಡಿತು. ಹೊಸದಾಗಿ ಕಂಪ್ಯೂಟರನ್ನೋ ದೂರದರ್ಶನವನ್ನೋ ಕೊಂಡ ಬೇರೆ 406 ಜನರನ್ನು ನೋಡಿದಾಗಲಂತೂ ಜಾಲದಿಂದ ಒಟ್ಟಿನಲ್ಲಿ ಒಳಿತೇ ಆಗಿದ್ದಿತು. ಆದರೆ ಆ ಒಳಿತು ಎಲ್ಲರಿಗೂ ಸಮವಾಗಿ ಹಂಚಿಹೋಗಿರಲಿಲ್ಲ. ಜನರೊಡನೆ ಕಲೆತು ಬಾಳುವ ಸ್ವಭಾವದವರಿಗೂ ಆಪತ್ತಿಗಾಗುವ ಬಂಧುಮಿತ್ರರನ್ನು ಮೊದಲೇ ಹೊಂದಿದ್ದವರಿಗೂ ಜಾಲ ಇನ್ನಷ್ಟು ಬಳಗವನ್ನು, ಇನ್ನಷ್ಟು ಉತ್ಸಾಹವನ್ನು ತಂದುಕೊಟ್ಟಿತು. ಅಂತರ್ಮುಖಿಗಳಿಗೂ ಆಸರೆಯಿಲ್ಲದವರಿಗೂ ಅದರ ಹೆಚ್ಚಿನ ಬಳಕೆಯಿಂದ ಒಂಟಿತನವೇ ಹೆಚ್ಚಾಯಿತು. ಉಳ್ಳವರಿಗೆ ಕೂಡುವುದು, ಇಲ್ಲದವರಿಂದ ಕಳೆಯುವುದು: ಹಣದ ವಿಷಯದಲ್ಲಿ ನಾವೆಲ್ಲರೂ ಬಲ್ಲ ಈ ಕ್ರೌರ್ಯ ಸ್ನೇಹದ ವಿಷಯದಲ್ಲಿಯೂ ನಡೆಯುತ್ತದೆಂಬುದನ್ನು ಆ ಲೇಖನ ತೋರಿಸಿಕೊಟ್ಟಿತು.

ಈ ವಿಷಯದಲ್ಲಿ ನಾನು ಓದಿರುವುದರಲ್ಲೆಲ್ಲ ಅತ್ಯಂತ ಬೆಳಕನ್ನು ಕೊಡುವ ಸಂಗತಿ ಇದೇ. ಕಾಲು ಶತಮಾನಕ್ಕೂ ಹಿಂದಿನ ಆ ಮಂದಗತಿಯ ಜಾಲಕ್ಕೂ ಈಗ ಪ್ರತಿಯೊಬ್ಬನ ಅಂಗೈಯಲ್ಲಿರುವ ಜಾಲಕ್ಕೂ ಅಂತರ ಬಹಳವಿದೆಯೆಂಬುದು ನಿಜ. ಆದರೂ ಇಂದು ಮನೆಮನೆಯಲ್ಲಿ ಕೇಳಿಬರುವ ‘ಎಷ್ಟು ಹೊತ್ತು ನೋಡಿದರೆ ಕೆಡಕು?’ ಎಂಬ ಪ್ರಶ್ನೆಗಿಂತ ಮೊದಲು ಕೇಳತಕ್ಕ ಪ್ರಶ್ನೆ ಬೇರೊಂದಿದೆಯೆಂಬುದನ್ನು ಪಿಟ್ಸ್‌ಬರ್ಗಿನ ಸಂಸಾರಗಳು ಅಂದೇ ಹೇಳಿದ್ದುವು: ನೋಡುತ್ತಿರುವವನ ಬಾಳಿನಲ್ಲಿ ಜಾಲದ ಹೊರಗೆ ಏನಿದೆ, ಯಾರಿದ್ದಾರೆ?

ಜಾಲದ ಗೀಳಿಗೆ ರೋಗವೆಂಬ ಹೆಸರು ಬಂದ ಬಗೆಯನ್ನು ನೋಡಿದರೂ, ಕೇಡನ್ನು ಎಲ್ಲಿ ಹುಡುಕಬೇಕೆಂಬ ಇದೇ ಗೊಂದಲ ಕಾಣುತ್ತದೆ. 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಎಂಬ ನ್ಯೂಯಾರ್ಕಿನ ಮನೋವೈದ್ಯರು, ವೈದ್ಯಕೀಯ ಗ್ರಂಥಗಳ ಭಾಷೆಯನ್ನು ಅನುಕರಿಸಿ, ಅಂತರ್ಜಾಲ ವ್ಯಸನವೆಂಬ ಕಾಯಿಲೆಯ ಲಕ್ಷಣಗಳನ್ನು ವಿನೋದಕ್ಕಾಗಿ ಬರೆದರು. ಓದಿದವರಲ್ಲಿ ಕೆಲವರು ಅದು ತಮ್ಮದೇ ಪಾಡೆಂದು ಗುರುತಿಸಿ ಅವರನ್ನು ನೆರವಿಗಾಗಿ ಕೇಳಿಕೊಂಡರು. ಮರುವರ್ಷವೇ ಕಿಂಬರ್ಲಿ ಯಂಗ್ ಎಂಬ ಮನೋವಿಜ್ಞಾನಿ, ಜೂಜಿನ ವ್ಯಸನವನ್ನು ಗುರುತಿಸುವ ಲಕ್ಷಣಗಳನ್ನು ಮಾದರಿಯಾಗಿಟ್ಟುಕೊಂಡು, ವಿಷಯವನ್ನು ವಿದ್ವತ್ಸಭೆಯ ಮುಂದೆ ಗಂಭೀರವಾಗಿ ಮಂಡಿಸಿದರು; 1998ರಲ್ಲಿ ಅವರು ರಚಿಸಿದ 20 ಪ್ರಶ್ನೆಗಳ ಪರೀಕ್ಷೆ ಇಂದಿಗೂ ದೇಶದೇಶಗಳಲ್ಲಿ ಬಳಕೆಯಲ್ಲಿದೆ. ಅಲ್ಲಿಂದೀಚೆಗೆ ವಾದವಿವಾದಗಳು ಬಹಳ ನಡೆದುವು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ತನ್ನ ಕೈಪಿಡಿಯಲ್ಲಿ ಅಂತರ್ಜಾಲದ ಆಟಗಳ ಗೀಳನ್ನು ಇನ್ನೂ ಅಧ್ಯಯನವಾಗಬೇಕಾದ ಸ್ಥಿತಿಗಳ ಸಾಲಿನಲ್ಲಿ ಇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣ 2019ರಲ್ಲಿ ಅಂಗೀಕೃತವಾಗಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಅದೇ ಗೀಳಿಗೆ ರೋಗದ ಸ್ಥಾನವೇ ದೊರೆಯಿತು. ಅಂತರ್ಜಾಲದ ಬಳಕೆಯನ್ನೆಲ್ಲ ಒಟ್ಟಾಗಿ ವ್ಯಸನವೆಂದು ಇವೆರಡರಲ್ಲಿ ಯಾವುದೂ ಕರೆದಿಲ್ಲವೆಂಬುದನ್ನು ಮರೆಯಬಾರದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲಕ್ಷಣಗಳು ಮೂರು. ಆಟದ ಮೇಲೆ ತನಗೆ ಹಿಡಿತವಿಲ್ಲದೆ ಹೋಗುವುದು. ಊಟ, ನಿದ್ರೆ, ಓದು, ಸ್ನೇಹ ಮೊದಲಾದ ಬಾಳಿನ ಇತರ ಆಸಕ್ತಿಗಳೆಲ್ಲ ಆಟದ ಹಿಂದೆ ಸರಿಯುವುದು. ಕೇಡಾಗುತ್ತಿದೆಯೆಂದು ಕಂಡರೂ ಬಿಡಲಾಗದೆ ಮುಂದುವರಿಸುವುದು. ಇವುಗಳಿಂದ ಮನೆವಾರ್ತೆಗೋ ವಿದ್ಯೆಗೋ ಉದ್ಯೋಗಕ್ಕೋ ಗಣನೀಯವಾದ ಹಾನಿಯಾಗಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಈ ಸ್ಥಿತಿ ಮುಂದುವರಿದಿರಬೇಕು. ಇಷ್ಟರಲ್ಲಿ ಎಲ್ಲಿಯೂ ಗಂಟೆಗಳ ಲೆಕ್ಕವಿಲ್ಲವೆಂಬುದನ್ನು ತಂದೆತಾಯಿಗಳು ಗಮನಿಸಬೇಕೆಂದು ನನ್ನ ಪ್ರಾರ್ಥನೆ. ಪರೀಕ್ಷೆ ಮುಗಿದ ರಜೆಯಲ್ಲಿ ದಿನವಿಡೀ ಆಡಿದ ಹುಡುಗನು, ಕರೆದಾಗ ಎದ್ದು ಬಂದು ಉಂಡು, ರಾತ್ರಿ ನಿದ್ರಿಸಿ, ಶಾಲೆ ತೆರೆದೊಡನೆ ಅದನ್ನು ಬದಿಗಿಟ್ಟು ಹೊರಡುವನಾದರೆ ಅವನು ರೋಗಿಯಲ್ಲ. ಎರಡೇ ಗಂಟೆ ಆಡುವ ಇನ್ನೊಬ್ಬನು ಆ ಎರಡು ಗಂಟೆಗಾಗಿ ಸುಳ್ಳು ಹೇಳತೊಡಗಿ, ಸ್ನೇಹಿತರನ್ನು ಬಿಟ್ಟು, ಶಾಲೆಯನ್ನು ತಪ್ಪಿಸತೊಡಗಿದ್ದರೆ ಅವನ ವಿಷಯದಲ್ಲಿ ಚಿಂತೆಪಡುವುದಕ್ಕೆ ಕಾರಣವುಂಟು.

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಬಗೆಯ ತೊಂದರೆಗಾಗಿಯೇ ‘ಶಟ್’ ಎಂಬ ಹೆಸರಿನ ಚಿಕಿತ್ಸಾಲಯವನ್ನು 2014ರಲ್ಲಿಯೇ ತೆರೆಯಿತು. ಭಾರತದಲ್ಲಿ ಇಂಥದಕ್ಕೆ ಇದೇ ಮೊದಲು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಜಾಲದ ಬೆಲೆ ಒಮ್ಮೆಲೇ ಕುಸಿದು, ತಾಲ್ಲೂಕು ಕೇಂದ್ರದ ಕಾಲೇಜು ಹುಡುಗನೂ ಹಳ್ಳಿಯ ಅಂಗಡಿಕಾರನೂ ಹಗಲಿರುಳು ಚಿತ್ರಗಳನ್ನು ನೋಡಬಲ್ಲಂಥ ಕಾಲ ಬರುವುದಕ್ಕೆ ಎರಡು ವರ್ಷ ಮೊದಲೇ ಆ ವೈದ್ಯರು ಮುಂದಾಲೋಚನೆ ಮಾಡಿದ್ದರೆಂಬುದು ನಾವು ಹೆಮ್ಮೆಪಡತಕ್ಕ ವಿಷಯ. ಅನಂತರ 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ, ಯಾವ ಮೊಬೈಲನ್ನು ಮಕ್ಕಳ ಕೈಗೆ ಕೊಡಬಾರದೆಂದು ಹೇಳುತ್ತಿದ್ದೆವೋ ಅದನ್ನೇ ಪಾಠಕ್ಕಾಗಿ ಸಾಲಮಾಡಿಯಾದರೂ ಕೊಂಡುಕೊಡಬೇಕಾಯಿತು. ಪಾಠ ಮುಗಿದು ಶಾಲೆ ತೆರೆಯಿತು; ಮೊಬೈಲು ಮಕ್ಕಳ ಕೈಯಲ್ಲಿಯೇ ಉಳಿಯಿತು.

ಮನೋವೈದ್ಯರ ಬಳಿಗೆ ಮಗನನ್ನು ಕರೆತಂದ ತಾಯಿತಂದೆಯರು ಸಾಮಾನ್ಯವಾಗಿ ಆಡುವ ಮಾತು ನಮಗೆಲ್ಲ ಪರಿಚಿತವಾದುದೇ: ‘ಇವನಿಗೆ ಮೊಬೈಲ್ ಹುಚ್ಚು ಹಿಡಿದುಬಿಟ್ಟಿದೆ ಡಾಕ್ಟ್ರೇ, ಊಟಕ್ಕೆ ಕರೆದರೂ ಏಳೋದಿಲ್ಲ, ಕಿತ್ತುಕೊಂಡರೆ ಮೈಮೇಲೆ ಬರ್ತಾನೆ.’ ವೈದ್ಯರು ಇದನ್ನು ಕೇಳಿಕೊಂಡ ಮೇಲೆ ಹುಡುಗನನ್ನೇ ವಿಚಾರಿಸಬೇಕಾಗುತ್ತದೆ. ನಿದ್ರೆ ಯಾವಾಗಿನಿಂದ ಕೆಟ್ಟಿತು, ಶಾಲೆಯಲ್ಲಿ ಯಾರಾದರೂ ಹೀಯಾಳಿಸುತ್ತಿದ್ದಾರೆಯೇ, ಪಾಠ ತಲೆಗೆ ಹತ್ತದೆ ಹಿಂದೆ ಬಿದ್ದದ್ದುಂಟೆ, ಮನೆಯಲ್ಲಿ ಜಗಳವೇ, ಮೊದಲು ಆಡುತ್ತಿದ್ದ ಕ್ರಿಕೆಟ್ಟನ್ನು ಬಿಟ್ಟದ್ದು ಮೊಬೈಲು ಬಂದ ಮೇಲೋ ಅದಕ್ಕೂ ಮೊದಲೋ ಎಂಬ ಪ್ರಶ್ನೆಗಳಿಗೆ ಸಿಕ್ಕುವ ಉತ್ತರದಿಂದ ಅನೇಕ ವೇಳೆ ಕಾಲಕ್ರಮವೇ ತಿರುಗಿ ನಿಲ್ಲುತ್ತದೆ: ಖಿನ್ನತೆ ಅಥವಾ ಆತಂಕ ಮೊದಲು ಬಂದಿರುತ್ತದೆ, ಜಾಲ ಆಮೇಲೆ. ಹೊರಗಿನ ಜಗತ್ತು ದುಸ್ಸಹವಾದ ಎಳೆಯ ಮನಸ್ಸಿಗೆ, ತಾನು ಗೆಲ್ಲಬಲ್ಲ, ತನ್ನನ್ನು ಯಾರೂ ಹಳಿಯದ ಒಂದು ಸ್ಥಳ ಅಲ್ಲಿ ದೊರೆತಿರುತ್ತದೆ. ಆ ಆಶ್ರಯ ಅವನ ನಿದ್ರೆಯನ್ನೂ ಓದನ್ನೂ ಕಸಿದುಕೊಂಡು ಖಿನ್ನತೆಯನ್ನು ಇನ್ನಷ್ಟು ಬೆಳೆಸುವುದರಿಂದ, ಕಾರಣ ಕಾರ್ಯವಾಗಿ ಕಾರ್ಯವೇ ಕಾರಣವಾಗಿ ಚಕ್ರ ಸುತ್ತುತ್ತದೆ. ಇಂಥವನ ಕೈಯಿಂದ ಮೊಬೈಲನ್ನು ಕಿತ್ತುಕೊಂಡು ಗೋಡೆಗೆ ಅಪ್ಪಳಿಸುವ ತಂದೆ, ಮಗನ ನೋವನ್ನು ಹಾಗೆಯೇ ಬಿಟ್ಟು ಅವನಿಗೆ ತಿಳಿದಿದ್ದ ಒಂದೇ ಶಮನೋಪಾಯವನ್ನು ಕಳೆದಂತಾಗುತ್ತದೆ. ಆ ತಂದೆಯ ಸಂಕಟವೂ ಸಣ್ಣದಲ್ಲ. ಅವನನ್ನು ದೂಷಿಸುವುದು ನನ್ನ ಉದ್ದೇಶವಲ್ಲ.

ಹಾಗೆಂದು ಯಂತ್ರ ನಿರಪರಾಧಿಯೆಂದು ಹೇಳಿಬಿಡುವುದೂ ಸತ್ಯಕ್ಕೆ ದೂರವಾದೀತು. ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕನ್ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಸಂಗತಿಯನ್ನು ಕಂಡುಕೊಂಡಿದ್ದರು: ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಬೀಳುವಂತಿದ್ದರೆ ಹಕ್ಕಿ ಬೇಕಾದಾಗ ಮಾತ್ರ ಕುಕ್ಕುತ್ತದೆ, ಯಾವ ಸಲ ಬಿದ್ದೀತೆಂಬುದು ಗೊತ್ತಿಲ್ಲದಂತೆ ಏರ್ಪಡಿಸಿದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ನೋಟಿಫಿಕೇಶನ್ನಿಗಾಗಿ ಮೊಬೈಲನ್ನು ಮತ್ತೆ ಮತ್ತೆ ತೆರೆದು ನೋಡುವ ನಮ್ಮ ಕೈಯನ್ನು ನಡೆಸುವ ಶಕ್ತಿಯೂ ಈ ಅನಿಶ್ಚಿತ ಫಲದ ಆಸೆಯೇ. ಫೇಸ್‌ಬುಕ್ಕಿನಲ್ಲಿ 2009ರಲ್ಲಿ ಬಂದ ‘ಲೈಕ್’ ಗುಂಡಿ, ಪರರ ಮೆಚ್ಚಿಕೆಯನ್ನು ಎಣಿಸಿ ಎಲ್ಲರೆದುರಿಗೆ ಅಂಕಿಯಾಗಿ ನಿಲ್ಲಿಸಿತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ರೂಪಿಸಿದ, ಪುಟ ಮುಗಿಯದಂತೆ ಕೆಳಗಿನಿಂದ ಹೊಸ ವಿಷಯ ಬರುತ್ತಲೇ ಇರುವ ಏರ್ಪಾಟಿನ ಬಗ್ಗೆ ಅವರೇ ಅನಂತರ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಮ್ಮ ಬಾಳೆಯೆಲೆಯ ಊಟಕ್ಕೆ ಒಂದು ಕ್ರಮವಿದೆ. ಮಜ್ಜಿಗೆಯನ್ನ ಬಂದಿತೆಂದರೆ ಊಟ ಮುಗಿಯಿತೆಂದು ಹೊಟ್ಟೆಗೂ ಮನಸ್ಸಿಗೂ ತಿಳಿಯುತ್ತದೆ, ಎಲೆ ಮಡಿಸಿ ಏಳುತ್ತೇವೆ. ರೀಲ್ಸಿನ ಪಂಕ್ತಿಯಲ್ಲಿ ಮಜ್ಜಿಗೆ ಬರುವುದೇ ಇಲ್ಲ. ಏಳಬೇಕೆಂಬ ಸೂಚನೆಯನ್ನೇ ಬುದ್ಧಿಪೂರ್ವಕವಾಗಿ ತೆಗೆದುಹಾಕಿರುವ ಕಡೆ, ಎದ್ದು ಬಾರದ ಹುಡುಗನ ಸಂಕಲ್ಪಬಲವನ್ನು ಮಾತ್ರ ಹಳಿಯುವುದು ನ್ಯಾಯವಲ್ಲ.

ಹಾನಿ ಎಷ್ಟೆಂಬ ವಿಷಯದಲ್ಲಿ ವಿದ್ವಾಂಸರ ಅಂಕಿಗಳು ಪರಸ್ಪರ ವಿರುದ್ಧವಾಗಿರುವಂತೆ ತೋರುತ್ತವೆ. ಅಮೆರಿಕದ ಮತ್ತು ಬ್ರಿಟನ್ನಿನ 3,55,358 ಕಿಶೋರರ ಸಮೀಕ್ಷೆಗಳನ್ನು ಪರಿಶೀಲಿಸಿದ ಏಮಿ ಆರ್ಬೆನ್ ಮತ್ತು ಆಂಡ್ರೂ ಶಿಬಿಲ್ಸ್ಕಿ, ಅವರ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಸಾಧನಗಳ ಬಳಕೆಯೊಡನೆ ಸಂಬಂಧ ಹೊಂದಿರುವುದು ಹೆಚ್ಚೆಂದರೆ ಶೇಕಡ 0.4 ಭಾಗವೆಂದು 2019ರಲ್ಲಿ ಬರೆದರು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿಯವರು 2023ರ ಮೇ ತಿಂಗಳಲ್ಲಿ ಹೊರಡಿಸಿದ ಎಚ್ಚರಿಕೆಯ ಪತ್ರ, ದಿನಕ್ಕೆ ಮೂರು ಗಂಟೆಗೂ ಮೀರಿ ಸಾಮಾಜಿಕ ಜಾಲತಾಣಗಳಲ್ಲಿರುವ ಕಿಶೋರರಿಗೆ ಖಿನ್ನತೆ ಆತಂಕಗಳ ಅಪಾಯ ಇಮ್ಮಡಿಯೆಂಬ ಅಧ್ಯಯನವನ್ನು ಮುಂದಿಟ್ಟಿತು. ಇವೆರಡರಲ್ಲಿ ಒಂದು ಸುಳ್ಳಾಗಿರಲೇಬೇಕೆಂದಿಲ್ಲ. ಮೊದಲನೆಯದು ಎಲ್ಲರ ಸರಾಸರಿ. ಪಿಟ್ಸ್‌ಬರ್ಗಿನಲ್ಲಿ ಕಂಡಂತೆ ಒಬ್ಬನಿಗೆ ಲಾಭವೂ ಇನ್ನೊಬ್ಬನಿಗೆ ನಷ್ಟವೂ ಆಗುವಲ್ಲಿ ಸರಾಸರಿ ಸೊನ್ನೆಯ ಬಳಿಗೆ ಬರುತ್ತದೆ, ನಷ್ಟವಾದವನ ನೋವು ಅದರಿಂದ ಸೊನ್ನೆಯಾಗುವುದಿಲ್ಲ. ಎರಡನೆಯದು ಜೊತೆಯಲ್ಲಿ ಕಂಡದ್ದನ್ನು ಹೇಳುತ್ತದೆ. ದುಃಖದಲ್ಲಿರುವವರು ಹೆಚ್ಚು ಹೊತ್ತು ಅಲ್ಲಿ ಕಳೆಯುತ್ತಾರೆಂಬುದೂ ಅದರಲ್ಲಿ ಸೇರಿರಬಹುದು.

ಕಾರಣವನ್ನೇ ಹಿಡಿಯಲೆತ್ನಿಸಿದ ಕೆಲವು ಅಧ್ಯಯನಗಳೂ ಇವೆ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ಕನ್ನು ಬಿಡಿಸಿದಾಗ ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ನೆಮ್ಮದಿ ಸ್ವಲ್ಪ ಹೆಚ್ಚಿತು, ದೇಶದ ಸುದ್ದಿಯ ತಿಳಿವಳಿಕೆ ಮಾತ್ರ ಕಡಮೆಯಾಯಿತು. ಅದೇ ಫೇಸ್‌ಬುಕ್ 2004ರಿಂದ 2006ರವರೆಗೆ ಅಮೆರಿಕದ ಕಾಲೇಜುಗಳಿಗೆ ಒಂದಾದ ಮೇಲೊಂದರಂತೆ ಪ್ರವೇಶಿಸಿದ ಕ್ರಮವನ್ನೇ ಆಧಾರವಾಗಿಟ್ಟುಕೊಂಡು ನೋಡಿದ ಮೂವರು ವಿದ್ವಾಂಸರು, ಅದು ಬಂದ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಖಿನ್ನತೆಯ ಲಕ್ಷಣಗಳು ಏರಿದುದನ್ನು ಕಂಡರು. ತನ್ನನ್ನು ಇತರರೊಡನೆ ಹೋಲಿಸಿಕೊಂಡು ಕುಗ್ಗುವುದೇ ಇದಕ್ಕೆ ಮುಖ್ಯ ಕಾರಣವೆಂದು ಅವರ ಅಭಿಪ್ರಾಯ. ನೆರೆಮನೆಯವರನ್ನು ನೋಡಿ ಕರುಬುವುದು ಹೊಸದಲ್ಲ. ಆದರೆ ನೆರೆಮನೆಯವರ ಕಷ್ಟವೂ ನಮ್ಮ ಕಣ್ಣಿಗೆ ಬೀಳುತ್ತಿದ್ದಿತು. ಜಾಲದಲ್ಲಿ ಕಾಣುವ ನೂರಾರು ಮನೆಗಳಲ್ಲಿ ಹಬ್ಬ ಮಾತ್ರವಿದೆ.

ಇವೆಲ್ಲಕ್ಕಿಂತ ಸ್ಪಷ್ಟವಾದ ಒಂದು ನಷ್ಟವೆಂದರೆ ನಿದ್ರೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಅವಶ್ಯವೆಂದು ವೈದ್ಯರು ಹೇಳುತ್ತಾರೆ. ಪರದೆಯ ಬೆಳಕೊಂದೇ ಅಲ್ಲದೆ, ಕೆರಳಿದ ಮನಸ್ಸೂ ಮುಗಿಯದ ಪುಟವೂ ಅದನ್ನು ಕದಿಯುತ್ತವೆ. ನಿದ್ರೆಗೆಟ್ಟ ಮೆದುಳು ಖಿನ್ನತೆಗೆ ಬೇಗ ಎಡೆಗೊಡುತ್ತದೆ. ಇದನ್ನು ಕಾನೂನಿನಿಂದ ತಡೆಯಲು ದಕ್ಷಿಣ ಕೊರಿಯ ಪ್ರಯತ್ನಿಸಿ ನೋಡಿತು. 16 ವರ್ಷಕ್ಕೆ ಕೆಳಗಿನವರು ಮಧ್ಯರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಕಂಪ್ಯೂಟರಿನ ಜಾಲದ ಆಟಗಳನ್ನು ಆಡಕೂಡದೆಂದು 2011ರಲ್ಲಿ ಅಲ್ಲಿ ನಿಷೇಧ ಜಾರಿಗೆ ಬಂದಿತು. ಮೊಬೈಲಿನ ಆಟಗಳು ಅದರ ಹೊರಗುಳಿದುವು. ಆಡುವವರು ಅತ್ತ ಸರಿದರು. ಹತ್ತು ವರ್ಷಗಳ ಮೇಲೆ ಸರಕಾರವೇ ಆ ಕಾನೂನನ್ನು ರದ್ದುಮಾಡಲು ನಿರ್ಧರಿಸಿತು. ಆಸ್ಟ್ರೇಲಿಯ ಈಗ 16ರ ಕೆಳಗಿನವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯನ್ನೇ ನಿಷೇಧಿಸಿ, 2025ರ ಡಿಸೆಂಬರಿನಿಂದ ಅದನ್ನು ಜಾರಿಗೊಳಿಸಿದೆ. ಹೊಣೆಯನ್ನು ಮಗುವಿನ ಮೇಲೆ ಹೊರಿಸದೆ ಸಂಸ್ಥೆಗಳ ಮೇಲೆ ಹೊರಿಸಿರುವುದು ಅದರಲ್ಲಿ ನನಗೆ ಮೆಚ್ಚಿಕೆಯಾದ ಅಂಶ. ಆದರೆ ಊರಿನಲ್ಲಿ ತನ್ನಂಥವರಾರೂ ಇಲ್ಲದ, ತನ್ನ ಮಾತನ್ನು ಕೇಳುವವರನ್ನು ಜಾಲದಲ್ಲಿ ಮಾತ್ರ ಕಂಡುಕೊಂಡ ಮಗುವಿಗೆ ಆ ಬಾಗಿಲು ಮುಚ್ಚಿದ ಮೇಲೆ ಯಾವ ಬಾಗಿಲು ತೆರೆಯುವುದೆಂಬ ಪ್ರಶ್ನೆ ಉಳಿದೇ ಇದೆ.

ಮನೆಯ ಮಟ್ಟಿಗೆ ಮಾಡಬಹುದಾದುದರಲ್ಲಿ, ರಾತ್ರಿ ಮಲಗುವ ಕೋಣೆಯೊಳಕ್ಕೆ ಮೊಬೈಲನ್ನು ಒಯ್ಯದಿರುವ ನಿಯಮ ಒಂದನ್ನಾದರೂ ಹಿರಿಯರು ಕಿರಿಯರೆಂಬ ಭೇದವಿಲ್ಲದೆ ಪಾಲಿಸುವುದು ಸಾಧ್ಯ. ತಾನು ಹಾಸಿಗೆಯಲ್ಲಿ ವಾಟ್ಸಾಪ್ ನೋಡುತ್ತ ಮಗಳಿಗೆ ಬುದ್ಧಿ ಹೇಳುವ ತಂದೆಯ ಮಾತು ನಡೆಯಲಾರದು. ಅದಕ್ಕಿಂತ ಕಠಿಣವಾದ ಕೆಲಸ, ಸಂಜೆಯ ಹೊತ್ತು ಮಕ್ಕಳಿಗೆ ಆಡುವ ಬಯಲನ್ನೂ ಜೊತೆಗಾರರನ್ನೂ ಒದಗಿಸುವುದು. ಬಡಾವಣೆಯ ಬಯಲುಗಳಲ್ಲೆಲ್ಲ ಮನೆಗಳೆದ್ದು, ಶಾಲೆಯಿಂದ ಟ್ಯೂಷನ್ನಿಗೆ, ಟ್ಯೂಷನ್ನಿನಿಂದ ಮನೆಗೆ ಓಡಾಡುವ ಹುಡುಗನಿಗೆ ಸಮವಯಸ್ಕರೊಡನೆ ಕಲೆಯಲು ಉಳಿದಿರುವ ಸ್ಥಳ ಆ ಚಿಕ್ಕ ಪರದೆಯೊಂದೇ ಆಗಿರುವಾಗ, ಅದನ್ನು ಬಿಡೆಂದು ಹೇಳುವುದಕ್ಕೆ ನಮಗಿರುವ ಅಧಿಕಾರ ಎಷ್ಟೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಸ್ಥಿತಿ ಮನೆಯವರ ಕೈಮೀರಿತೆಂದು ತೋರಿದರೆ ಕೇಳುವುದಕ್ಕೆ ಜನರಿದ್ದಾರೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ನಿಮ್ಹಾನ್ಸ್ ಮುಂದಾಳಾಗಿ ನಡೆಸುತ್ತಿರುವ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆಮಾಡಿ ಹಗಲಿರುಳೆನ್ನದೆ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗ ಎಷ್ಟು ಗಂಟೆ ಮೊಬೈಲು ನೋಡುತ್ತಾನೆಂಬುದನ್ನು ಹೇಳುವುದರೊಡನೆ, ಅವನು ಸರಿಯಾಗಿ ನಿದ್ರಿಸಿದ್ದು ಕಡೆಯದಾಗಿ ಯಾವಾಗ, ಸ್ನೇಹಿತರನ್ನು ಹುಡುಕಿಕೊಂಡು ತಾನಾಗಿ ಹೊರಗೆ ಹೋಗುವುದನ್ನು ನಿಲ್ಲಿಸಿದ್ದು ಎಂದಿನಿಂದ, ಆ ಸುಮಾರಿಗೆ ಮನೆಯಲ್ಲಿಯೋ ಶಾಲೆಯಲ್ಲಿಯೋ ನಡೆದದ್ದೇನು ಎಂಬುದನ್ನೂ ನೆನಪು ಮಾಡಿಕೊಂಡು ಹೇಳಿದರೆ, ಆಲಿಸುವವರಿಗೆ ಅದರಿಂದ ದೊರೆಯುವ ಸುಳಿವು ಹೆಚ್ಚು.